ಹಿತ್ತಲ ಗಿಡ ಮದ್ದಾದ ಕಥೆ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆಯ ಹಿಂದೆಯೇ ಬೆಳೆದು ನಿಂತ ತುಳಸಿಯನ್ನೂ ಅಮೃತಬಳ್ಳಿಯನ್ನೂ ದಿನವೂ ದಾಟಿಹೋಗುತ್ತ, ಕೆಮ್ಮು ಹತ್ತಿದೊಡನೆ ಹತ್ತು ಹರದಾರಿ ದೂರದ ವೈದ್ಯನ ಮನೆಗೆ ಓಡುವವರನ್ನು ಕಂಡು ನಮ್ಮ ಹಿರಿಯರು ಆಡಿದ ಮಾತು ಅದು. ಗಾದೆ ದೂರುವುದು ಗಿಡವನ್ನಲ್ಲ, ನೋಡುವವನ ಕಣ್ಣನ್ನು. ಈ ಮಾತಿಗೆ ಉದಾಹರಣೆಯಾಗಿ ನಿಲ್ಲತಕ್ಕ ಒಂದು ಇತಿಹಾಸ ಅಮೆರಿಕೆಯಲ್ಲಿ ನಡೆದಿದೆ. ಅದರಲ್ಲಿ ರಾಜರಿಲ್ಲ, ದಂಡಯಾತ್ರೆಗಳಿಲ್ಲ. ಒಂದು ವಿಶ್ವವಿದ್ಯಾನಿಲಯ, ಅದರ ಮಗ್ಗುಲಿನ ಮಹಾನಗರ, ಆ ನಗರದ ಬಡ ಬೀದಿಗಳಲ್ಲಿ ಚೆಂಡಾಡುತ್ತಿದ್ದ ಹುಡುಗರು ಇಷ್ಟೇ ಅದರ ಪಾತ್ರಗಳು. ಓದುಗರು ಸ್ವಲ್ಪ ಹೊತ್ತು ನನ್ನೊಡನೆ ಫ್ಲಾರಿಡಾ ಸಂಸ್ಥಾನದ ದಕ್ಷಿಣದ ತುದಿಗೆ, ಮಯಾಮಿ ಪಟ್ಟಣಕ್ಕೆ ಬರಬೇಕು.

ಮೊದಲು ಆಟದ ವಿಚಾರವಾಗಿ ಎರಡು ಮಾತು. ಫುಟ್‌ಬಾಲ್ ಎಂದರೆ ನಮಗೆ ಕಾಲಿನಿಂದ ಒದೆಯುವ ದುಂಡು ಚೆಂಡಿನ ಆಟ. ಅಮೆರಿಕೆಯವರು ಆ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿಯ ಚೆಂಡಿಗೆ ಎರಡು ತುದಿಯೂ ಚೂಪು. ಪಕ್ಷಕ್ಕೆ ಹನ್ನೊಂದು ಮಂದಿ, ನೂರು ಗಜದ ಬಯಲು. ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡಬೇಕು, ಇಲ್ಲವೇ ಮುಂದೆ ಓಡುತ್ತಿರುವ ಜೊತೆಗಾರನಿಗೆ ಎಸೆಯಬೇಕು. ಎದುರಾಳಿಗಳು ಅವನನ್ನು ಹಿಡಿದು ನೆಲಕ್ಕೆ ಕೆಡವಬೇಕು. ಗಡಿ ದಾಟಿದವರಿಗೆ ಆರು ಅಂಕ. ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ. ಒದೆಯದೆ ಇನ್ನೊಮ್ಮೆ ಗಡಿ ದಾಟಿಸಿದರೆ ಎರಡು. ಈ ಒಂದು ಮತ್ತು ಎರಡರ ಲೆಕ್ಕವನ್ನು ನೆನಪಿನಲ್ಲಿಡಿ. ಮುಂದೆ ಅದು ಬೇಕಾಗುತ್ತದೆ.

ಈ ಆಟ ಅಲ್ಲಿ ವೃತ್ತಿಗಾರರ ತಂಡಗಳಿಗೆ ಇಳಿಯುವ ಮೊದಲೇ ಕಾಲೇಜುಗಳಲ್ಲಿ ಬೇರೂರಿತ್ತು. ಒಂದೊಂದು ಪಂದ್ಯಕ್ಕೆ ಐವತ್ತು ಸಾವಿರ, ಎಪ್ಪತ್ತು ಸಾವಿರ ಜನ ಕೂಡುತ್ತಾರೆ. ಆದಕಾರಣ ಒಳ್ಳೆಯ ಆಟಗಾರರನ್ನು ಹುಡುಕಿ ತರುವುದೇ ಕಾಲೇಜಿನ ತರಬೇತುದಾರನ ಅರ್ಧ ಕೆಲಸ. ೧೯೫೬ರಿಂದ ಆಟದ ಚಾತುರ್ಯವೊಂದನ್ನೇ ನೋಡಿ ವಿದ್ಯಾರ್ಥಿವೇತನ ಕೊಡಲು ಅಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾಸಂಘದ ಒಪ್ಪಿಗೆ ದೊರೆಯಿತು. ಕಲಿಕೆಯ ಶುಲ್ಕ, ಊಟ, ವಸತಿ, ಪುಸ್ತಕ ಎಲ್ಲವೂ ಅದರಲ್ಲಿ ಸೇರುತ್ತವೆ. ಹೀಗಾಗಿ ತರಬೇತುದಾರರು ಹೆಣ್ಣು ನೋಡಲು ಹೋಗುವವರ ಹಾಗೆ ಊರೂರು ತಿರುಗುತ್ತಾರೆ, ಪ್ರೌಢಶಾಲೆಗಳ ಮೈದಾನದಲ್ಲಿ ನಿಂತು ನೋಡುತ್ತಾರೆ, ಹುಡುಗನ ಮನೆಯಲ್ಲಿ ಕುಳಿತು ತಾಯಿಯೊಡನೆ ಮಾತನಾಡುತ್ತಾರೆ. ಕೊನೆಗೆ ಹುಡುಗ ಒಂದು ಕಾಲೇಜಿಗೆ ಸಹಿ ಹಾಕುತ್ತಾನೆ.

ಇನ್ನು ಊರಿನ ಕಥೆ. ಮಯಾಮಿ ವಿಶ್ವವಿದ್ಯಾನಿಲಯ ಸ್ಥಾಪಿತವಾದದ್ದು ೧೯೨೫ರಲ್ಲಿ, ನಗರಕ್ಕೆ ಹೊಂದಿಕೊಂಡ ಕೋರಲ್ ಗೇಬಲ್ಸ್ ಎಂಬ ಅಂದವಾದ ಬಡಾವಣೆಯಲ್ಲಿ. ಮರುವರ್ಷ ತರಗತಿಗಳು ಆರಂಭವಾಗಬೇಕೆನ್ನುವಾಗ, ಸೆಪ್ಟೆಂಬರ್ ೧೮ರಂದು ಭೀಕರವಾದ ಚಂಡಮಾರುತವೊಂದು ಊರನ್ನು ಧ್ವಂಸ ಮಾಡಿತು. ಆದರೂ ಅದೇ ಅಕ್ಟೋಬರಿನಲ್ಲಿ ಪಾಠಗಳು ನಡೆದುವು. ಚೆಂಡಾಟದ ತಂಡವೂ ಕಣಕ್ಕಿಳಿಯಿತು. ಆ ತಂಡ 'ಚಂಡಮಾರುತಗಳು' ಎಂಬ ಅರ್ಥದ ಹೆಸರನ್ನೇ ಹೊತ್ತುಕೊಂಡಿತು.

ಆದರೆ ಆ ಕಾಲೇಜಿನ ಬಾಗಿಲು ಬಿಳಿಯರಿಗೆ ಮಾತ್ರ ತೆರೆದಿತ್ತು. ಉತ್ತರಕ್ಕೆ ಸುಮಾರು ಎಂಟು-ಹತ್ತು ಮೈಲಿಯೊಳಗೆ ಓವರ್‌ಟೌನ್, ಲಿಬರ್ಟಿ ಸಿಟಿ ಎಂಬ ಕೇರಿಗಳಿದ್ದವು. ಮಯಾಮಿಯ ರೈಲುದಾರಿಯನ್ನೂ ಹೋಟೆಲುಗಳನ್ನೂ ಕಟ್ಟಿದ ಕಪ್ಪು ಜನ ಅಲ್ಲಿ ವಾಸಿಸುತ್ತಿದ್ದರು. ೧೯೬೦ರ ದಶಕದಲ್ಲಿ ಹೊಸ ಹೆದ್ದಾರಿ ಓವರ್‌ಟೌನಿನ ಎದೆಯ ಮೇಲೆಯೇ ಹಾದುಹೋಗಿ, ಸಾವಿರಾರು ಸಂಸಾರಗಳು ಲಿಬರ್ಟಿ ಸಿಟಿಯ ಕಡೆಗೆ ಗುಳೆ ಹೋದವು. ಆ ಕೇರಿಯ ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ಊರಿನ ಕಾಲೇಜು ಅವನದಲ್ಲ. ಇಲ್ಲಿ ನಮ್ಮ ಗಾದೆಗೆ ಒಂದು ತಿದ್ದುಪಡಿ ಬೇಕಾಗುತ್ತದೆ. ಹಿತ್ತಲ ಗಿಡ ಕಾಣಲಿಲ್ಲವೆಂದರೆ ಕಣ್ಣಿಗೆ ಪೊರೆ ಬಂದು ಅಲ್ಲ. ಮನೆಗೂ ಹಿತ್ತಲಿಗೂ ನಡುವೆ ಗೋಡೆ ಕಟ್ಟಿದ್ದರು.

ಲ್ಯಾರಿ ಲಿಟಲ್ ಎಂಬವನ ಉದಾಹರಣೆ ನೋಡಿ. ಓವರ್‌ಟೌನಿನ ಬುಕರ್ ಟಿ. ವಾಷಿಂಗ್ಟನ್ ಪ್ರೌಢಶಾಲೆಯಲ್ಲಿ ಓದಿದವನು. ಕಾಲೇಜಿಗೆಂದು ಅವನು ಹೋದದ್ದು ಬಹುದೂರದ ಡೇಟೋನಾ ಬೀಚಿನಲ್ಲಿ ಕಪ್ಪು ಜನರಿಗಾಗಿ ನಡೆಯುತ್ತಿದ್ದ ಬೆಥೂನ್-ಕುಕ್‌ಮನ್ ಕಾಲೇಜಿಗೆ. ಅಲ್ಲಿಂದ ವೃತ್ತಿಗಾರರ ಸಾಲಿಗೆ ಸೇರಿ, ಕಡೆಗೆ ತಾನು ಬೆಳೆದ ಊರಿನ ವೃತ್ತಿಪರ ತಂಡವಾದ ಮಯಾಮಿ ಡಾಲ್ಫಿನ್ಸಿಗೇ ಬಂದು, ೧೯೭೨ರಲ್ಲಿ ಒಂದು ಪಂದ್ಯವನ್ನೂ ಸೋಲದ ಆ ತಂಡದ ಆಧಾರಸ್ತಂಭಗಳಲ್ಲಿ ಒಬ್ಬನಾದ. ೧೯೯೩ರಲ್ಲಿ ಆ ಆಟದ ಮಹನೀಯರ ಸಾಲಿನಲ್ಲಿ ಅವನ ಹೆಸರೂ ಸೇರಿತು. ತನ್ನ ಮಣ್ಣಿನಲ್ಲಿ ಬೆಳೆದ ಇಂತಹ ಫಲವನ್ನು ಊರಿನ ವಿಶ್ವವಿದ್ಯಾನಿಲಯ ಮುಟ್ಟಿ ನೋಡಿರಲಿಲ್ಲ.

೧೯೬೧ರಲ್ಲಿ ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿ ವರ್ಣಭೇದದ ನಿಯಮವನ್ನು ಕೈಬಿಟ್ಟಿತು. ೧೯೬೬ರಲ್ಲಿ ರೇ ಬೆಲ್ಲಮಿ ಎಂಬ ಕಪ್ಪು ತರುಣ ಚೆಂಡಾಟದ ವಿದ್ಯಾರ್ಥಿವೇತನಕ್ಕೆ ಸಹಿ ಹಾಕಿದ. ಆಗ್ನೇಯ ಸೀಮೆಯ ದೊಡ್ಡ ಕಾಲೇಜುಗಳಲ್ಲಿ ಇಂತಹ ಗೌರವ ಪಡೆದವರಲ್ಲಿ ಅವನು ಮೊದಲಿಗರ ಸಾಲಿನವನು. ಒಂದು ರಸ್ತೆ ಅಪಘಾತ ಅವನ ಆಟವನ್ನು ನಿಲ್ಲಿಸಿತು. ಆದರೆ ಓದನ್ನು ನಿಲ್ಲಿಸಲಿಲ್ಲ. ಸಹಪಾಠಿಗಳು ಅವನನ್ನು ವಿದ್ಯಾರ್ಥಿ ಸಂಘದ ಅಧ್ಯಕ್ಷನನ್ನಾಗಿ ಆರಿಸಿದರು. ಈ ಬೆಲ್ಲಮಿ ಕೂಡ ಮಯಾಮಿಯವನಲ್ಲ, ರಾಜ್ಯದ ಪಶ್ಚಿಮ ಕರಾವಳಿಯವನು ಎಂಬುದನ್ನು ಗಮನಿಸಿ. ಗೋಡೆ ಬಿದ್ದ ಮೇಲೂ ಹಿತ್ತಲಿನ ಕಡೆಗೆ ದೃಷ್ಟಿ ಹೊರಳಲು ಕಾಲ ಹಿಡಿಯಿತು.

ಇತ್ತ ತಂಡದ ಸ್ಥಿತಿ ವರ್ಷದಿಂದ ವರ್ಷಕ್ಕೆ ಇಳಿಮುಖವಾಗಿತ್ತು. ೧೯೭೦ರಿಂದ ೧೯೭೮ರೊಳಗೆ ಆರು ಮಂದಿ ತರಬೇತುದಾರರು ಬಂದು ಹೋದರು. ಊರಿನ ಜನ ಡಾಲ್ಫಿನ್ಸ್ ಪಂದ್ಯಗಳಿಗೆ ಮುಗಿಬೀಳುತ್ತಿದ್ದರು. ಅದೇ ಆರೆಂಜ್ ಬೌಲ್ ಕ್ರೀಡಾಂಗಣದಲ್ಲಿ ಕಾಲೇಜು ಆಡಿದಾಗ ಆಸನಗಳು ಖಾಲಿ. ಈ ಖರ್ಚು ನಮಗೇಕೆ, ಆಟವನ್ನೇ ಮುಚ್ಚಿಬಿಡೋಣ ಎಂಬ ಮಾತೂ ಆಡಳಿತದವರಲ್ಲಿ ಬಂತು.

ಆಗ, ೧೯೭೯ರಲ್ಲಿ, ಬಂದವನು ಹೋವರ್ಡ್ ಷ್ನೆಲೆನ್‌ಬರ್ಗರ್. ದಪ್ಪ ಮೀಸೆ, ಗಂಭೀರ ಕಂಠ, ಬಾಯಲ್ಲಿ ಯಾವಾಗಲೂ ಚುಂಗಾಣಿ. ಸೋಲನ್ನರಿಯದ ಆ ೧೯೭೨ರ ಡಾಲ್ಫಿನ್ಸ್ ತಂಡದಲ್ಲಿ ಸಹಾಯಕ ತರಬೇತುದಾರನಾಗಿದ್ದವನು. ಲ್ಯಾರಿ ಲಿಟಲ್‌ನಂತಹವರನ್ನು ದಿನವೂ ಹತ್ತಿರದಿಂದ ಕಂಡವನು. ಆಟಗಾರರನ್ನು ಒಲಿಸುವುದರಲ್ಲಿಯೂ ಪಳಗಿದ ಕೈ. ಅಲಬಾಮ ವಿಶ್ವವಿದ್ಯಾನಿಲಯದಲ್ಲಿ ಸಹಾಯಕನಾಗಿದ್ದಾಗ ಪೆನ್ಸಿಲ್ವೇನಿಯಾದ ಜೋ ನೇಮತ್ ಎಂಬ ಹುಡುಗನನ್ನು ೧೯೬೧ರಲ್ಲಿ ದಕ್ಷಿಣಕ್ಕೆ ಕರೆತಂದಿದ್ದವನು ಇವನೇ. ಆ ನೇಮತ್ ಮುಂದೆ ದೇಶಪ್ರಸಿದ್ಧನಾದ. ಮಯಾಮಿಗೆ ಬಂದವನು ಐದು ವರ್ಷದೊಳಗೆ ರಾಷ್ಟ್ರದ ಪ್ರಥಮ ಸ್ಥಾನ ತಂದುಕೊಡುವೆನೆಂದು ಸಾರಿದ. ಕೇಳಿದವರು ನಕ್ಕಿರಬೇಕು.

ಅವನ ಉಪಾಯ ಸರಳವಾದದ್ದು. ಭೂಪಟದ ಮೇಲೆ ಪಶ್ಚಿಮದ ಟ್ಯಾಂಪಾದಿಂದ ಒರ್ಲ್ಯಾಂಡೊ ಮಾರ್ಗವಾಗಿ ಪೂರ್ವ ಕರಾವಳಿಯವರೆಗೆ ಒಂದು ಗೆರೆ ಎಳೆದ. ಅದರ ದಕ್ಷಿಣಕ್ಕಿರುವುದೆಲ್ಲ ತನ್ನ 'ಮಯಾಮಿ ಸಂಸ್ಥಾನ' ಎಂದ. ಈ ಸೀಮೆಯ ಉತ್ತಮ ಆಟಗಾರ ಹೊರಗೆ ಹೋಗಕೂಡದು. ಇದಕ್ಕೆ ಬೇಲಿ ಹಾಕಬೇಕು. ಹೊರಗಿನಿಂದ ತರುವುದು ಇಲ್ಲಿ ಸಿಕ್ಕದ್ದನ್ನು ಮಾತ್ರ. ಅವನೂ ಅವನ ಸಹಾಯಕರೂ ಕಾಲೇಜಿನವರು ಕಾಲಿಡದಿದ್ದ ಬೀದಿಗಳಿಗೆ ಹೋದರು. ಪ್ರೌಢಶಾಲೆಗಳ ತರಬೇತುದಾರರನ್ನು ಕಂಡು ಸ್ನೇಹ ಬೆಳೆಸಿದರು. ತಾಯಂದಿರ ಅಡಿಗೆಮನೆಗಳಲ್ಲಿ ಕುಳಿತರು. ಕಾಲವೂ ಒಂದು ರೀತಿಯಲ್ಲಿ ಅನುಕೂಲವಾಗಿತ್ತು. ಮೊದಲು ಶ್ರೀಮಂತ ಕಾಲೇಜುಗಳು ನೂರಾರು ಆಟಗಾರರನ್ನು ಸೇರಿಸಿಕೊಂಡು ಕಣಜದಲ್ಲಿ ತುಂಬಿಡುತ್ತಿದ್ದವು. ಕ್ರೀಡಾಸಂಘ ಇಂತಹ ವಿದ್ಯಾರ್ಥಿವೇತನಗಳಿಗೆ ೧೯೭೩ರಲ್ಲಿ ೧೦೫ರ ಮಿತಿಯನ್ನೂ, ೧೯೭೮ರಲ್ಲಿ ೯೫ರ ಮಿತಿಯನ್ನೂ ಹಾಕಿತು. ದೊಡ್ಡವರ ಕಣಜ ಕಿರಿದಾದಾಗ ಚಿಕ್ಕವರ ಹೊಲದ ಬೆಳೆ ಹೊಲದಲ್ಲೇ ಉಳಿಯುವ ಸಂಭವ ಹೆಚ್ಚಿತು.

ಆದರೆ ಊರಿನ ಪಾಲಿಗೆ ಅದು ಕೆಟ್ಟ ಕಾಲ. ೧೯೭೯ರ ಡಿಸೆಂಬರಿನಲ್ಲಿ ಆರ್ಥರ್ ಮ್ಯಾಕ್‌ಡಫಿ ಎಂಬ ಕಪ್ಪು ಗೃಹಸ್ಥ ಪೋಲೀಸರ ಹೊಡೆತಕ್ಕೆ ಸಿಕ್ಕಿ ಸತ್ತ. ೧೯೮೦ರ ಮೇ ತಿಂಗಳಲ್ಲಿ ಆರೋಪಿಗಳು ನಿರ್ದೋಷಿಗಳೆಂದು ತೀರ್ಪು ಬಂದ ಸಂಜೆಯೇ ಲಿಬರ್ಟಿ ಸಿಟಿ ಹೊತ್ತಿ ಉರಿಯಿತು. ಆ ಗಲಭೆಯಲ್ಲಿ ಹದಿನೆಂಟು ಜನ ಮಡಿದರು. ಅದೇ ವರ್ಷ ಕ್ಯೂಬಾದಿಂದ ಸುಮಾರು ೧,೨೫,೦೦೦ ನಿರಾಶ್ರಿತರು ದೋಣಿಗಳಲ್ಲಿ ಫ್ಲಾರಿಡಾಕ್ಕೆ ಬಂದಿಳಿದರು. ಅವರಲ್ಲಿ ಬಹುಮಂದಿಗೆ ಮಯಾಮಿಯೇ ನೆಲೆಯಾಯಿತು. ಪೋಲೀಸರನ್ನು ನಂಬದ, ನ್ಯಾಯಸ್ಥಾನವನ್ನು ನಂಬದ ಬೀದಿಗಳಿಗೆ ಹೋಗಿ 'ನಿಮ್ಮ ಮಗನನ್ನು ನಮ್ಮ ಕಾಲೇಜಿಗೆ ಕೊಡಿ' ಎಂದು ಕೇಳುವುದು ಸಾಮಾನ್ಯ ಸಾಹಸವಲ್ಲ. ಕೊಟ್ಟ ತಾಯಂದಿರ ನಂಬಿಕೆಯೂ ಸಾಮಾನ್ಯವಾದದ್ದಲ್ಲ.

ಫಲ ಮೆಲ್ಲನೆ ಕಂಡಿತು. ಮೊದಲ ವರ್ಷ ಐದು ಗೆಲುವು, ಆರು ಸೋಲು. ಮರುವರ್ಷ ಒಂಬತ್ತು ಗೆಲುವು. ೧೯೮೧ರಲ್ಲಿ ದೇಶದ ಅಗ್ರಸ್ಥಾನದಲ್ಲಿದ್ದ ಪೆನ್ ಸ್ಟೇಟ್ ತಂಡವನ್ನು ೧೭-೧೪ರಿಂದ ಮಣಿಸಿದರು. ಐದನೆಯ ವರ್ಷ, ೧೯೮೩ರಲ್ಲಿ, ಮೊದಲ ಪಂದ್ಯವನ್ನೇ ಫ್ಲಾರಿಡಾ ವಿಶ್ವವಿದ್ಯಾನಿಲಯಕ್ಕೆ ೨೮-೩ರಿಂದ ಸೋತು, ಆಮೇಲೆ ಒಂದನ್ನೂ ಸೋಲದೆ ೧೯೮೪ರ ಜನವರಿ ೨ರ ಆರೆಂಜ್ ಬೌಲ್ ಪಂದ್ಯಕ್ಕೆ ಬಂದರು. ಎದುರಿಗೆ ಅಜೇಯವಾದ ನೆಬ್ರಾಸ್ಕಾ. ಪಂದ್ಯ ಮುಗಿಯಲು ೪೮ ಸೆಕೆಂಡು ಇದ್ದಾಗ ನೆಬ್ರಾಸ್ಕಾ ಗಡಿ ದಾಟಿ ೩೧-೩೦ಕ್ಕೆ ಬಂತು. ಚೆಂಡನ್ನು ಒದ್ದು ಒಂದು ಅಂಕ ಪಡೆದಿದ್ದರೆ ಪಂದ್ಯ ಸಮ. ಅಜೇಯರಿಗೆ ಪ್ರಥಮ ಸ್ಥಾನ ದೊರೆಯುವುದು ಬಹುಮಟ್ಟಿಗೆ ಖಚಿತ. ಅವರ ತರಬೇತುದಾರ ಟಾಮ್ ಆಸ್‌ಬಾರ್ನ್ ಸಮಬಲದ ಕಿರೀಟವನ್ನು ಒಲ್ಲದೆ ಎರಡು ಅಂಕಕ್ಕೆ ಕೈ ಹಾಕಿದ. ಆ ಎಸೆತಕ್ಕೆ ಮಯಾಮಿಯ ಕೆನ್ನಿ ಕ್ಯಾಲ್‌ಹೂನ್ ಅಡ್ಡ ಬಂದ. ಅವನ ಬೆರಳ ತುದಿ ಸೋಂಕಿ ಚೆಂಡು ದಾರಿ ತಪ್ಪಿತು. ಮಯಾಮಿಗೆ ರಾಷ್ಟ್ರದ ಪ್ರಥಮ ಸ್ಥಾನ!

ತಂಡದಲ್ಲಿದ್ದವರೆಲ್ಲ ಊರಿನವರೇ ಎಂದು ಭಾವಿಸಬೇಡಿ. ಆ ದಿನ ಚೆಂಡೆಸೆಯುವ ನಾಯಕನಾಗಿದ್ದ ಬರ್ನಿ ಕೋಸರ್ ಓಹಾಯೊದಿಂದ ಬಂದವನು. ಆದರೆ ತಂಡದ ವೇಗ, ಕಸುವು, ಎದುರಾಳಿಗೆ ಸವಾಲೆಸೆಯುವ ಆ ನಿರ್ಭೀತ ನಡೆ ದಕ್ಷಿಣ ಫ್ಲಾರಿಡಾದ ಬೀದಿಗಳದ್ದು. ಲಿಬರ್ಟಿ ಸಿಟಿಯ ನಾರ್ತ್‌ವೆಸ್ಟರ್ನ್ ಪ್ರೌಢಶಾಲೆಯಿಂದ ಮೆಲ್ವಿನ್ ಬ್ರಾಟನ್ ಬಂದ. ಕೊಲಂಬಸ್ ಪ್ರೌಢಶಾಲೆಯಿಂದ ಅಲಾಂಜೊ ಹೈಸ್ಮಿತ್ ಬಂದ. ನೆರೆಯ ಫೋರ್ಟ್ ಲಾಡರ್‌ಡೇಲಿನಿಂದ, ಹದಿನೇಳು ಮಕ್ಕಳ ಮನೆಯ ಹದಿನೈದನೆಯ ಕೂಸಾದ ಮೈಕೆಲ್ ಅರ್ವಿನ್ ಬಂದ. ಷ್ನೆಲೆನ್‌ಬರ್ಗರ್ ೧೯೮೪ರಲ್ಲಿ ಬೇರೆ ಕೆಲಸಕ್ಕೆ ಹೋದ ಮೇಲೂ ಈ ಬೆಳೆ ನಿಲ್ಲಲಿಲ್ಲ. ೧೯೮೭, ೧೯೮೯, ೧೯೯೧, ೨೦೦೧ ಹೀಗೆ ಇನ್ನೂ ನಾಲ್ಕು ಬಾರಿ ಪ್ರಥಮ ಸ್ಥಾನ ಬಂತು. ೧೯೮೫ರಿಂದ ೧೯೯೪ರವರೆಗೆ ಸ್ವಂತ ಅಂಗಳದಲ್ಲಿ ಸತತವಾಗಿ ೫೮ ಪಂದ್ಯಗಳನ್ನು ಗೆದ್ದರು. ಮುಚ್ಚಬೇಕೆಂದಿದ್ದ ಆಟದಿಂದಲೇ ಕಾಲೇಜಿನ ಹೆಸರು ದೇಶವೆಲ್ಲ ಹಬ್ಬಿತು.

ಹಿತ್ತಲ ಗಿಡ ಹೀಗೆ ಮದ್ದಾಯಿತು. ರೋಗಿ ಎದ್ದು ಕುಳಿತ. ಆದರೆ ಗಿಡದ ಪಾಡೇನಾಯಿತು? ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಕೂಗಿದ ನನ್ನಂತಹವನಿಗೆ ಕಥೆಯ ಈ ಭಾಗವೇ ಹೆಚ್ಚು ಮುಖ್ಯವಾಗಿ ತೋರುತ್ತದೆ.

ಕೆಲವರಿಗೆ ಎಲ್ಲವೂ ಕೈಗೂಡಿತು. ಹೈಸ್ಮಿತ್‌ನನ್ನು ೧೯೮೭ರ ವೃತ್ತಿಪರ ಆಯ್ಕೆಯಲ್ಲಿ ಇಡೀ ದೇಶಕ್ಕೆ ಮೂರನೆಯವನಾಗಿ ಆರಿಸಿಕೊಂಡರು. ಮರುವರ್ಷ ಅರ್ವಿನ್ ಹನ್ನೊಂದನೆಯವನಾದ. ಬ್ರಾಟನ್‌ನ ಕಥೆ ಬೇರೆ. ೧೯೮೮ರ ಜನವರಿ ೧ರಂದು ಒಕ್ಲಹೋಮ ತಂಡವನ್ನು ೨೦-೧೪ರಿಂದ ಸೋಲಿಸಿ ಮಯಾಮಿ ಎರಡನೆಯ ಬಾರಿ ಅಗ್ರಸ್ಥಾನಕ್ಕೇರಿದ ಪಂದ್ಯದಲ್ಲಿ ಅವನೊಮ್ಮೆ ಚೆಂಡು ಹಿಡಿದು ಗಡಿ ದಾಟಿದ; ಅದೇ ಪಂದ್ಯ ಮುಗಿಯುವುದರೊಳಗೆ ಅವನ ಮೊಣಕಾಲು ಮುರಿಯಿತು. ಮುಂಚೂಣಿಯಲ್ಲಿ ಬರಬೇಕಾಗಿದ್ದ ಹೆಸರು ಆ ವರ್ಷದ ಆಯ್ಕೆಯಲ್ಲಿ ಆರನೆಯ ಸುತ್ತಿಗೆ ಜಾರಿತು. ಆಮೇಲೆ ಡೆನ್ವರ್ ತಂಡದಲ್ಲಿ ಎರಡು ವರ್ಷ ಆಡಿದ್ದಷ್ಟೇ. ಆ ರಾತ್ರಿಯ ಕಿರೀಟ ಕಾಲೇಜಿನ ಕಪಾಟಿನಲ್ಲಿ ಉಳಿಯಿತು. ಮೊಣಕಾಲಿನ ನೋವು ಹುಡುಗನ ಮೈಯಲ್ಲಿ ಉಳಿಯಿತು. ಆ ದಿನಗಳ ನಿಯಮದಂತೆ ಊಟ, ವಸತಿ, ಪಾಠಗಳ ಹೊರತು ಆಟಗಾರನಿಗೆ ಒಂದು ಕಾಸೂ ಸಲ್ಲುವಂತಿರಲಿಲ್ಲ.

ಪಾಠದ ಮಾತೆತ್ತಿದರೆ ಅಲ್ಲಿಯೂ ಕಲೆ ಇದೆ. ಬಡ ವಿದ್ಯಾರ್ಥಿಗಳಿಗೆಂದು ಸರ್ಕಾರ ಕೊಡುವ ಸಹಾಯಧನವನ್ನು ಸುಳ್ಳು ಅರ್ಜಿಗಳ ಮೂಲಕ ಪಡೆದದ್ದು ೧೯೯೦ರ ದಶಕದಲ್ಲಿ ಬಯಲಾಯಿತು. ಆಟಗಾರರಿಗೆ ಓದಿನ ದಾರಿ ತೋರಿಸಬೇಕಾದ ಒಬ್ಬ ಸಲಹೆಗಾರನೇ ಅದಕ್ಕೆ ಕೈಯಾಗಿದ್ದ. ೧೯೯೫ರಲ್ಲಿ ಕ್ರೀಡಾಸಂಘ ಈ ಮತ್ತು ಇತರ ತಪ್ಪುಗಳಿಗಾಗಿ ೩೧ ವಿದ್ಯಾರ್ಥಿವೇತನಗಳನ್ನು ಕಡಿತಗೊಳಿಸಿತು. ದಂಡ ಬಿದ್ದದ್ದು ಯಾರ ಮೇಲೆ ಎಂದು ಯೋಚಿಸಿ. ಆ ೩೧ ಸ್ಥಾನಗಳಲ್ಲಿ ಒಂದು ಲಿಬರ್ಟಿ ಸಿಟಿಯ ಯಾವನೋ ಹುಡುಗನದಾಗಬಹುದಿತ್ತು.

ಬೇಲಿಯೂ ಬಹುಕಾಲ ನಿಲ್ಲಲಿಲ್ಲ. ಮಯಾಮಿಯ ಹಿತ್ತಲಲ್ಲಿ ಸಂಜೀವಿನಿ ಬೆಳೆಯುತ್ತದೆಂದು ತಿಳಿದ ಮೇಲೆ ಊರ ಹೊರಗಿನ ವೈದ್ಯರೆಲ್ಲ ಬುಟ್ಟಿ ಹಿಡಿದು ಬಂದರು. ತಾನೇ ಲಿಬರ್ಟಿ ಸಿಟಿಯಲ್ಲಿ ಬೆಳೆದು, ೧೯೮೭ರ ತಂಡದಲ್ಲಿ ಆಡಿದ್ದ ರ್‍ಯಾಂಡಿ ಶ್ಯಾನನ್ ಮುಖ್ಯ ತರಬೇತುದಾರನಾದಾಗ, ೨೦೦೮ರಲ್ಲಿ ನಾರ್ತ್‌ವೆಸ್ಟರ್ನ್ ಶಾಲೆಯೊಂದರಿಂದಲೇ ಎಂಟು ಹುಡುಗರು ಮಯಾಮಿಗೆ ಬಂದರು. ಆದರೂ ಹಳೆಯ ವೈಭವ ಮರಳಲಿಲ್ಲ; ೨೦೧೦ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಅದೇ ಶಾಲೆಯ ಟೆಡ್ಡಿ ಬ್ರಿಡ್ಜ್‌ವಾಟರ್ ಮಯಾಮಿಗೆ ಬರುವೆನೆಂದಿದ್ದವನು ಮನಸ್ಸು ಬದಲಿಸಿ, ೨೦೧೧ರಲ್ಲಿ ದೂರದ ಲೂಯಿವಿಲ್ಲಿಗೆ ಹೋಗಿ ಅಲ್ಲಿ ಕೀರ್ತಿವಂತನಾದ. ಮಯಾಮಿಯ ತರುವಾಯ ಷ್ನೆಲೆನ್‌ಬರ್ಗರ್ ಹತ್ತು ವರ್ಷ ತರಬೇತುದಾರನಾಗಿದ್ದದ್ದು ಆ ಲೂಯಿವಿಲ್ಲಿನಲ್ಲಿಯೇ!

ನಿಯಮಗಳೂ ಬದಲಾದವು. ೨೦೨೧ರ ಜುಲೈಯಿಂದ ಆಟಗಾರ ತನ್ನ ಹೆಸರು ಮತ್ತು ಚಿತ್ರಗಳಿಂದ ಹಣ ಗಳಿಸಲು ಅನುಮತಿ ಸಿಕ್ಕಿತು. ೨೦೨೫ರಲ್ಲಿ ನ್ಯಾಯಾಲಯ ಒಪ್ಪಿದ ಒಡಂಬಡಿಕೆಯಂತೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದೆಂದಾಯಿತು. ಮೊದಲ ವರ್ಷಕ್ಕೆ ಕಾಲೇಜೊಂದಕ್ಕೆ ೨ ಕೋಟಿ ೫ ಲಕ್ಷ ಡಾಲರುಗಳ ಮಿತಿ. ಬ್ರಾಟನ್‌ನ ಮೊಣಕಾಲಿಗೆ ಇದು ಬಹಳ ತಡವಾಗಿ ಬಂದ ಲೇಪ.

ಷ್ನೆಲೆನ್‌ಬರ್ಗರ್ ೨೦೨೧ರ ಮಾರ್ಚಿಯಲ್ಲಿ ತೀರಿಕೊಂಡ. ಅವನು ನೋಡಬೇಕಾಗಿದ್ದ ಒಂದು ಪಂದ್ಯ ೨೦೨೬ರ ಜನವರಿಯಲ್ಲಿ ಮಯಾಮಿ ಡಾಲ್ಫಿನ್ಸರ ಅಂಗಳದಲ್ಲಿ ನಡೆಯಿತು. ಬಹುವರ್ಷಗಳ ಮೇಲೆ ರಾಷ್ಟ್ರದ ಅಂತಿಮ ಪಂದ್ಯಕ್ಕೆ ಬಂದ ಮಯಾಮಿ ತಂಡ, ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ೨೭-೨೧ರಿಂದ ಸೋತಿತು. ಇಂಡಿಯಾನಾ ತಂಡದ ನಾಯಕನಾಗಿ ಚೆಂಡೆಸೆದವನು ಫರ್ನಾಂಡೊ ಮೆಂಡೋಸಾ. ಅವನು ಓದಿದ್ದು ಹೈಸ್ಮಿತ್ ಓದಿದ್ದ ಆ ಕೊಲಂಬಸ್ ಪ್ರೌಢಶಾಲೆಯಲ್ಲಿ, ಮಯಾಮಿ ವಿಶ್ವವಿದ್ಯಾನಿಲಯದಿಂದ ಕೆಲವೇ ಮೈಲಿ ದೂರದಲ್ಲಿ! ಶಾಲೆ ಮುಗಿಸಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿಂದ ಇಂಡಿಯಾನಾಕ್ಕೆ ಸೇರಿದ್ದವನು, ತನ್ನೂರಿಗೇ ಬಂದು ತನ್ನೂರನ್ನು ಸೋಲಿಸಿ ಹೋದ. ಒಮ್ಮೆ ಪಾಠ ಕಲಿತ ಮನೆಯೂ ಹಿತ್ತಲಿನ ಒಂದು ಗಿಡವನ್ನು ಮತ್ತೆ ದಾಟಿಹೋಗಿತ್ತು.

ಓದುಗರೇ, ಪರದೇಶದ ಆಟವೊಂದರ ಚರಿತ್ರೆಯನ್ನು ಇಷ್ಟು ದೂರ ಹೇಳಿದ್ದಕ್ಕೆ ಕಾರಣವಿದೆ. ದೂರದ ಹಿರಿಮೆಗೆ ಕೈ ಮುಗಿದು ಹತ್ತಿರದ ಹಿರಿಮೆಗೆ ಬೆನ್ನು ತಿರುಗಿಸುವುದು ಯಾವ ದೇಶಕ್ಕೂ ಹೊಸದಲ್ಲ. ಅದನ್ನು ತಿದ್ದಿಕೊಂಡವರ ಬಗೆಗೆ ನಮಗೆ ಗೌರವವಿರಬೇಕು. ಷ್ನೆಲೆನ್‌ಬರ್ಗರ್ ಗೋಡೆಯಾಚೆಗೆ ನಡೆದು ಹೋದದ್ದು ದೊಡ್ಡ ಕೆಲಸ. ಆದರೆ ಗಾದೆ ಹೇಳದೆ ಬಿಟ್ಟ ಇನ್ನೊಂದು ಮಾತಿದೆ. ಮದ್ದೆಂದು ತಿಳಿದ ದಿನ ಗಿಡಕ್ಕೆ ಅಪಾಯವೂ ಮೊದಲಾಗುತ್ತದೆ. ಬಂದವರೆಲ್ಲ ಎಲೆ ಕೀಳುತ್ತಾರೆ. ಬುಡಕ್ಕೆ ನೀರು ಹೊಯ್ಯುವವರು ಯಾರೆಂದು ಕೇಳುವುದು ಆ ಹುಡುಗರ ತಾಯಂದಿರ ಹಕ್ಕಾಗಿತ್ತು. ನಮ್ಮ ನಿಮ್ಮ ಊರುಗಳಲ್ಲಿ ಮಕ್ಕಳ ಜಾಣ್ಮೆಯನ್ನೋ ಕಸುವನ್ನೋ ಮೆಚ್ಚಿ ಯಾರಾದರೂ ಮನೆಬಾಗಿಲಿಗೆ ಬಂದಾಗ, ಸಂತೋಷದಿಂದ ಕೂಡಿಸಿ ಮಾತನಾಡಿಸಿ. ಆ ಪ್ರಶ್ನೆಯನ್ನು ಮಾತ್ರ ಕೇಳದೆ ಕಳುಹಿಸಬೇಡಿ.